ಡಿಸ್‌ಪ್ಲೇ ಬಾರದಿದ್ದರೆ ರ‍್ಯಾಮ್ ಸತ್ತಿದೆ ಎಂದಲ್ಲ

ಮಳೆಗಾಲ ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಜಾತಿಯವು. ‘ಸಿಸ್ಟಂ ಆನ್ ಆಗುತ್ತೆ, ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಮಾತ್ರ ಬರಲ್ಲ. ರ‍್ಯಾಮ್ ಹೋಗಿರಬೇಕು, ಹೊಸದು ಯಾವುದು ತಗೊಳ್ಳಲಿ?’ ಕೇಳುವವರು ಒಮ್ಮೆ ಇಂಜಿನಿಯರಿಂಗ್ ವಿದ್ಯಾರ್ಥಿ, ಒಮ್ಮೆ ಮನೆಯಲ್ಲೇ ಡಿಟಿಪಿ ಮಾಡುವ ಗೃಹಿಣಿ, ಒಮ್ಮೆ ಮಗನಿಗೆಂದು ಬಿಡಿಭಾಗ ತರಿಸಿದ ತಂದೆ. ಈ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಸಿಗುವ ಮೊದಲೇ ಎರಡನೆಯ ಅರ್ಧಕ್ಕೆ ಯಾರೂ ಹೋಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದು ಹೇಳಲು ಕಳೆದ ವರ್ಷ ಮಲೆನಾಡಿನ ನಮ್ಮ ರಾಗಿಗುಡ್ಡದಲ್ಲೇ ನಡೆದ ಒಂದು ಸಂಜೆಯ ಸಂಗತಿ ಸಾಕು.

ಆರಿದ್ರಾ ಮಳೆ ಹಿಡಿದ ದಿನಗಳು. ಪಕ್ಕದ ಬೀದಿಯ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ, ಛತ್ರಿ ಕೂಡ ಹಿಡಿಯದೆ ಓಡಿಬಂದ. ಎರಡು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದೊಂದೇ ಭಾಗ ತಂದು ತಾನೇ ಕಂಪ್ಯೂಟರ್ ಜೋಡಿಸಿದ್ದ. ಮದರ್‌ಬೋರ್ಡನ್ನು ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದನಂತೆ. ಮನೆಗೆ ಹೋದರೆ ಊಟದ ಮೇಜಿನ ಮೇಲೆ ಕ್ಯಾಬಿನೆಟ್ಟು ಬಾಯಿ ತೆರೆದು ಕೂತಿತ್ತು. ಫ್ಯಾನುಗಳು ತಿರುಗುತ್ತಿದ್ದವು, ಮಾನಿಟರ್ ಕಪ್ಪಗಿತ್ತು. ಬೋರ್ಡಿನ ಅಂಚಿನಲ್ಲಿ ‘ಡಿರ‍್ಯಾಮ್’ ಎಂದು ಅಚ್ಚಾದ ಅಕ್ಷರಗಳ ಪಕ್ಕ ಎಳ್ಳುಕಾಳಿನಷ್ಟು ಹಳದಿ ದೀಪ ಉರಿಯುತ್ತಿತ್ತು.

“ರ‍್ಯಾಮ್ ಹೋಗಿದೆ ಸರ್. ಬೋರ್ಡೇ ಹೇಳ್ತಿದೆ ನೋಡಿ” ಎಂದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ, “ವಾಪಸ್ ತಗೊಳ್ತಾರಾ ಸರ್? ಬಿಲ್ಲು ಇದೆ” ಎಂದರು.

ಬೋರ್ಡು ಹಾಗೆ ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದದ್ದು ‘ನಾನು ಮೆಮೊರಿಯ ಹಂತದಲ್ಲಿ ನಿಂತಿದ್ದೇನೆ’ ಎಂದಷ್ಟೆ. ನಿಂತಿರುವುದಕ್ಕೂ ಸತ್ತಿರುವುದಕ್ಕೂ ಇರುವ ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ದುಡ್ಡು ಪೋಲಾಗುತ್ತದೆ.

ಪವರ್ ಬಟನ್ ಒತ್ತಿದ ಮೇಲೆ ಏನಾಗುತ್ತದೆಂದು ಸ್ವಲ್ಪ ನೋಡೋಣ. ಪ್ರೊಸೆಸರ್ ಎದ್ದ ಕೂಡಲೇ ಮದರ್‌ಬೋರ್ಡಿನ ಒಂದು ಚಿಪ್‌ನಲ್ಲಿ ಬರೆದಿಟ್ಟ ಬಯಾಸ್ ಎಂಬ ಪುಟ್ಟ ತಂತ್ರಾಂಶ ಓಡತೊಡಗುತ್ತದೆ. ಆ ಹೊತ್ತಿಗೆ ರ‍್ಯಾಮ್ ಇನ್ನೂ ಬಳಕೆಗೆ ಸಿದ್ಧವಾಗಿರುವುದಿಲ್ಲ. ಪ್ರೊಸೆಸರ್ ತನ್ನೊಳಗಿನ ಚೂರುಪಾರು ಜಾಗದಲ್ಲೇ ಕೆಲಸ ಸಾಗಿಸುತ್ತ ರ‍್ಯಾಮನ್ನು ಎಬ್ಬಿಸಬೇಕು. ಎಷ್ಟು ಸ್ಟಿಕ್ ಇವೆ, ಯಾವ ಸ್ಲಾಟಿನಲ್ಲಿವೆ, ಯಾವ ವೇಗದವು, ಎಷ್ಟು ವೋಲ್ಟೇಜ್ ಬೇಕು ಎಂದು ಕೇಳಿ ತಿಳಿದು ಹೊಂದಿಸಿಕೊಳ್ಳಬೇಕು. ಪರದೆಯ ಮೇಲೆ ಚಿತ್ರ ಮೂಡುವುದು ಇದಾದ ಮೇಲೆ. ಹಾಗಾಗಿ ರ‍್ಯಾಮಿನಲ್ಲಿ ತೊಡಕಿದ್ದರೆ ಅದನ್ನು ಪರದೆಯಲ್ಲಿ ಬರೆದು ತೋರಿಸಲು ಕಂಪ್ಯೂಟರಿಗೆ ದಾರಿಯೇ ಇಲ್ಲ. ಅದಕ್ಕೆ ಉಳಿದಿರುವ ಬಾಯಿ ಎಂದರೆ ಆ ಎಳ್ಳುಕಾಳಿನ ದೀಪ, ಇಲ್ಲವೇ ಬೀಪ್ ಸದ್ದು. ಹಳೆಯ ಕ್ಯಾಬಿನೆಟ್ಟುಗಳಲ್ಲಿ ಚಿಕ್ಕ ಸ್ಪೀಕರ್ ಇರುತ್ತಿತ್ತು, ಈಗಿನವುಗಳಲ್ಲಿ ಕೊಡುವುದನ್ನೇ ಬಿಟ್ಟಿದ್ದಾರೆ. ಬೋರ್ಡಿನ ಪಿನ್ನುಗಳಿಗೆ ಸಿಕ್ಕಿಸುವ ಕಿರುಬೆರಳಿನುಗುರಿನಷ್ಟು ಬಜರ್ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ದೀಪವಿಲ್ಲದ ಬೋರ್ಡು ಇರುವವರು ಅದೊಂದನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು.

ರ‍್ಯಾಮ್ ಎಂಬ ವಸ್ತು ಎಷ್ಟು ನಾಜೂಕಿನದು ಎಂಬುದನ್ನೂ ತಿಳಿದಿರಬೇಕು. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಈಗಿನ ರ‍್ಯಾಮಿನ ಮೂಲವಾದ ಡಿರ‍್ಯಾಮನ್ನು ಕಲ್ಪಿಸಿದರು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್ ಸಾಕು ಎಂಬುದು ಅವರ ಹೊಳಹು. ಆ ಕೆಪಾಸಿಟರ್ ತೂತು ಬಿದ್ದ ಕೊಡವಿದ್ದಂತೆ. ತುಂಬಿದ ವಿದ್ಯುತ್ತು ಸೋರಿಹೋಗುತ್ತಲೇ ಇರುತ್ತದೆ, ಸೆಕೆಂಡಿಗೆ ಹತ್ತಾರು ಸಲ ಓದಿ ಮತ್ತೆ ತುಂಬುತ್ತಲೇ ಇರಬೇಕು. 1970ರಲ್ಲಿ ಇಂಟೆಲ್ ಮಾರಿದ 1103 ಎಂಬ ಚಿಪ್‌ನಲ್ಲಿ ಇಂಥ 1,024 ಕೊಡಗಳಿದ್ದವು. ಇವತ್ತಿನ 8 ಜಿಬಿ ಸ್ಟಿಕ್ ಒಂದರಲ್ಲಿ 6,800 ಕೋಟಿಗೂ ಹೆಚ್ಚು. ಇಷ್ಟೆಲ್ಲದರ ವ್ಯವಹಾರ ನಡೆಯುವುದು ಸ್ಟಿಕ್‌ನ ಕೆಳಅಂಚಿನ ಚಿನ್ನದ ಪಟ್ಟಿಗಳ ಮೂಲಕ. ಡಿಡಿಆರ್3ರಲ್ಲಿ ಅವು 240, ಡಿಡಿಆರ್4 ಮತ್ತು ಡಿಡಿಆರ್5ರಲ್ಲಿ 288. ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಇಡೀ ಯಂತ್ರ ನಿಂತುಬಿಡಬಹುದು. ಚಿಪ್ಪು ಕೆಡುವುದಕ್ಕಿಂತ ಈ ತಾಗುವಿಕೆ ತಪ್ಪುವುದೇ ಹೆಚ್ಚು ಎಂಬುದು ಇಷ್ಟು ವರ್ಷ ಕಂಪ್ಯೂಟರ್ ಲ್ಯಾಬುಗಳಲ್ಲಿ ಕಳೆದ ನನ್ನ ಅನುಭವ.

ಹುಡುಗನ ಮೇಜಿಗೆ ಮರಳುತ್ತೇನೆ. ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಮಾನಿಟರ್ ಕೇಬಲ್ಲು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯೋ, ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಪವರ್ ಕನೆಕ್ಟರ್ ಹಾಕಿದ್ದಾನೋ ನೋಡಿದೆ. ಅದನ್ನು ಮರೆತರೂ ಫ್ಯಾನುಗಳು ತಿರುಗುತ್ತವೆ, ಅಲ್ಲೇ ಜನ ಮೋಸಹೋಗುವುದು. ಎರಡೂ ಸರಿ ಇದ್ದವು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಖಾಲಿಯಾಗಲೆಂದು ಪವರ್ ಬಟನ್ ಒಮ್ಮೆ ಒತ್ತಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಲು ಹೇಳಿದೆ. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್ಪಿಗೆ ಹರಿಯದಿರಲು ಇದು ಬೇಕು. ಮಳೆಯ ತೇವದಲ್ಲಿ ಅದರ ಕಾಟ ಕಡಿಮೆ, ಒಣಹವೆಯ ಬೇಸಿಗೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟವರು ಮರೆಯಲೇಬಾರದು.

ಆಮೇಲೆ ಟಾರ್ಚ್ ಹಿಡಿದು ಸ್ಟಿಕ್‌ಗಳನ್ನು ಅಡ್ಡದಿಂದ ನೋಡಿದೆವು. ಒಂದು ಸ್ಟಿಕ್‌ನ ಬಲತುದಿ ಎಡತುದಿಗಿಂತ ದಾರದೆಳೆಯಷ್ಟು ಮೇಲಿತ್ತು. ಸ್ಲಾಟಿನ ಅಂಚಿನ ಮೇಲೆ ಚಿನ್ನದ ಗೆರೆಯೊಂದು ಸಣ್ಣಗೆ ಇಣುಕುತ್ತಿತ್ತು. ಹುಡುಗ ಹೆದರಿ ಹಗುರವಾಗಿ ಒತ್ತಿದ್ದ. ಹೊಸ ಬೋರ್ಡಿನ ಸ್ಲಾಟು ಬಿಗಿ, ಒತ್ತಿದರೆ ಬೋರ್ಡೇ ಸ್ವಲ್ಪ ಬಾಗಿದಂತೆ ಕಾಣುತ್ತದೆ, ದುಡ್ಡು ಕೊಟ್ಟು ತಂದವನ ಕೈ ಅಲ್ಲಿ ತಡೆಯುತ್ತದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒಂದೇ ಸಮ ಒತ್ತಬೇಕು, ಕ್ಲಿಪ್ಪು ತಾನಾಗಿ ಮುಚ್ಚಿಕೊಂಡು ‘ಟಕ್’ ಎನ್ನಬೇಕು. ಈಗ ಕೆಲವು ಬೋರ್ಡುಗಳಲ್ಲಿ ಒಂದೇ ಬದಿಗೆ ಕ್ಲಿಪ್ಪಿರುತ್ತದೆ. ಅಲ್ಲಿ ಕ್ಲಿಪ್ಪಿಲ್ಲದ ಬದಿಯೇ ಮೋಸಮಾಡುವುದು, ಆ ತುದಿಯನ್ನು ಇನ್ನೊಮ್ಮೆ ಒತ್ತಿ ನೋಡಬೇಕು. ಹಾಗೆಂದು ಸ್ಟಿಕ್ ಕೂರದೆ ಇದ್ದರೆ ಬಲ ಪ್ರಯೋಗ ಬೇಡ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಪಟ್ಟಿಗಳ ಸಂಖ್ಯೆ ಒಂದೇ ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಮನೆಗೆ ಇನ್ನೊಂದು ಹೋಗದು, ಹೋಗಲೂಬಾರದು. ಒಂದಕ್ಕೆ 1.2 ವೋಲ್ಟ್, ಇನ್ನೊಂದಕ್ಕೆ 1.1.

ಎರಡನೆಯ ತಪ್ಪು ಜಾಗದ್ದು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅವನು ಪ್ರೊಸೆಸರಿಗೆ ಹತ್ತಿರದ ಮೊದಲ ಎರಡು ಸ್ಲಾಟುಗಳಲ್ಲಿ ಸ್ಟಿಕ್ ಹಾಕಿದ್ದ. ಯಾರಿಗಾದರೂ ಹಾಗೇ ತೋಚುತ್ತದೆ, ಸಾಲಿನಲ್ಲಿ ಮೊದಲಿನಿಂದ ತುಂಬುವುದು ನಮ್ಮ ರೂಢಿ. ಆದರೆ ಇವತ್ತಿನ ಬಹುತೇಕ ಬೋರ್ಡುಗಳಲ್ಲಿ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಕೈಪಿಡಿಯಲ್ಲಿ ಅವನ್ನು ಎ2, ಬಿ2 ಎಂದು ಕರೆದಿರುತ್ತಾರೆ. ಒಂದೇ ಸ್ಟಿಕ್ ಇದ್ದರೆ ಎ2. ಕಾರಣ ಸರಳ. ಸ್ಲಾಟುಗಳು ಎರಡೆರಡರ ಜೋಡಿ, ಒಂದೊಂದು ಜೋಡಿ ಒಂದು ಚಾನೆಲ್. ಪ್ರೊಸೆಸರಿನಿಂದ ಹೊರಟ ತಂತಿಗೆರೆ ಪ್ರತಿ ಜೋಡಿಯ ಮೊದಲ ಸ್ಲಾಟನ್ನು ಮುಟ್ಟಿ ಎರಡನೆಯದರಲ್ಲಿ ಕೊನೆಯಾಗುತ್ತದೆ. ಕೊನೆಯದನ್ನು ಖಾಲಿ ಬಿಟ್ಟರೆ, ಗೇಟು ಮುಚ್ಚಿದ ನಾಲೆಯಲ್ಲಿ ಅಲೆ ಬಡಿದು ಹಿಂದಕ್ಕೆ ಬರುವಂತೆ, ಸಂಕೇತವೂ ಖಾಲಿ ತುದಿಗೆ ಬಡಿದು ಮರಳಿ, ಹಿಂದೆ ಬರುತ್ತಿರುವ ಸಂಕೇತವನ್ನು ಕಲಕುತ್ತದೆ. ವೇಗ ಕಡಿಮೆಯಿದ್ದ ಕಾಲದಲ್ಲಿ ಇದು ನಡೆದುಹೋಗುತ್ತಿತ್ತು, ಈಗ ನಡೆಯದು.

ಸ್ಟಿಕ್‌ಗಳನ್ನು ಬದಲಿಸಿ ಕೂರಿಸಿದೆವು. ಬಟನ್ ಒತ್ತಿದ. ಮತ್ತೆ ಅದೇ ಹಳದಿ ದೀಪ. ಅರ್ಧ ನಿಮಿಷಕ್ಕೆ ಅವನ ಕೈ ಸ್ವಿಚ್ಚಿನ ಕಡೆ ಹೋಯಿತು, ನಾನು ತಡೆದೆ. ಬೆಳಗಿನಿಂದ ಎಷ್ಟು ಸಲ ಹೀಗೆ ಆರಿಸಿದೆ ಎಂದು ಕೇಳಿದರೆ, “ಲೆಕ್ಕ ಇಟ್ಟಿಲ್ಲ ಸರ್, ಇಪ್ಪತ್ತಾದ್ರೂ ಆಗಿರಬೇಕು” ಎಂದ.

ಇಲ್ಲಿದೆ ಹೊಸ ಕಾಲದ ಸಮಸ್ಯೆ. ಡಿಡಿಆರ್5 ಮಾನದಂಡ ಬಂದದ್ದು 2020ರಲ್ಲಿ. ಅದರ ವೇಗ ಎಷ್ಟೆಂದರೆ ಪ್ರತಿ ಬೋರ್ಡು, ಪ್ರತಿ ಸ್ಟಿಕ್‌ನ ಜೋಡಿಗೂ ಸಂಕೇತ ಯಾವ ಕ್ಷಣಕ್ಕೆ ಬರುತ್ತದೆಂದು ಪ್ರೊಸೆಸರ್ ಅಳೆದು ನೋಡಿ ಹೊಂದಿಸಿಕೊಳ್ಳಬೇಕು. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಹಾಡುಗಾರರು ಕಛೇರಿಗೆ ಮೊದಲು ತಂಬೂರಿ ಶ್ರುತಿ ಮಾಡಿಕೊಳ್ಳುವಂತೆ. ಹೊಸ ಯಂತ್ರದ ಮೊದಲ ಆರಂಭದಲ್ಲಿ ಈ ಕೆಲಸಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು, ಅದರಲ್ಲೂ ಎಎಂಡಿಯ 2022ರ ನಂತರದ ಎಎಂ5 ಬೋರ್ಡುಗಳಲ್ಲಿ. ಅಷ್ಟು ಹೊತ್ತೂ ಪರದೆ ಕಪ್ಪಗಿರುತ್ತದೆ, ಮೆಮೊರಿಯ ದೀಪ ಉರಿಯುತ್ತಿರುತ್ತದೆ. ನಡುವೆ ಆರಿಸಿದರೆ ಮತ್ತೆ ಮೊದಲಿಂದ. ಗೊತ್ತಿಲ್ಲದವರಿಗೆ ಇದು ಕೆಟ್ಟುಹೋದ ಯಂತ್ರದಂತೆಯೇ ಕಾಣುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ‘ಮೊದಲ ಸಲ ಹತ್ತು ನಿಮಿಷ ಕಾಯಿರಿ’ ಎಂದು ಎಲ್ಲ ತಯಾರಕರೂ ಅಚ್ಚುಹಾಕಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಅವನ ತಾಯಿ ಕಾಫಿ ತಂದರು. ಹೊರಗೆ ಮಳೆ ಜೋರಾಗಿತ್ತು, ಕರೆಂಟು ಹೋಗದಿರಲೆಂದು ಮೂವರೂ ಬಲ್ಬಿನ ಕಡೆ ನೋಡುತ್ತ ಕೂತೆವು. ಕಾಫಿ ಮುಗಿಯುವ ಹೊತ್ತಿಗೆ ಹಳದಿ ದೀಪ ಆರಿ ಮುಂದಿನದು ಮಿಣುಕಿತು. ಪರದೆಯಲ್ಲಿ ಬೋರ್ಡಿನ ಲಾಂಛನ ಮೂಡಿತು. ಮೂರು ತೊಡಕುಗಳಿದ್ದವು, ಮೂರರಲ್ಲೂ ರ‍್ಯಾಮಿನ ತಪ್ಪಿರಲಿಲ್ಲ.

ಎಲ್ಲರ ಕಥೆಯೂ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಕಾದರೂ ಬಾರದಿದ್ದರೆ ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಸ್ಟಿಕ್‌ಗಳಿಗೆ ಒಂದು, ಎರಡು ಎಂದು ಗುರುತುಹಾಕಿ. ಒಂದನೆಯದನ್ನು ಮಾತ್ರ ಎ2ರಲ್ಲಿ ಹಾಕಿ ನೋಡಿ, ಆದದ್ದನ್ನು ಬರೆಯಿರಿ. ಅದೇ ಸ್ಲಾಟಿಗೆ ಎರಡನೆಯದು. ಆಮೇಲೆ ಬೇರೆ ಸ್ಲಾಟು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದರಲ್ಲಿ ರಾಜಿ ಬೇಡ. ಒಂದು ಸ್ಟಿಕ್ ಯಾವ ಸ್ಲಾಟಿನಲ್ಲೂ ಏಳದೆ, ಇನ್ನೊಂದು ಎಲ್ಲದರಲ್ಲೂ ಎದ್ದರೆ ಆಗ ಮಾತ್ರ ಸ್ಟಿಕ್ ಕೆಟ್ಟಿದೆ ಎನ್ನಬಹುದು. ಎರಡೂ ಸ್ಟಿಕ್ ಒಂದು ಕಡೆಯ ಸ್ಲಾಟುಗಳಲ್ಲಿ ಎದ್ದು ಇನ್ನೊಂದು ಕಡೆಯವುಗಳಲ್ಲಿ ಏಳದಿದ್ದರೆ ಅನುಮಾನ ಹೋಗಬೇಕಾದದ್ದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಕಡೆಗೆ. ಮೆಮೊರಿಯನ್ನು ನಡೆಸುವ ಭಾಗ ಈಗ ಪ್ರೊಸೆಸರಿನೊಳಗೇ ಇದೆ. ಸಾಕೆಟ್ಟಿನ ಒಂದು ಪಿನ್ನು ಬಾಗಿದ್ದರೆ, ಅಥವಾ ಕೂಲರಿನ ಸ್ಕ್ರೂವನ್ನು ಒಂದೇ ಬದಿಗೆ ಅತಿಯಾಗಿ ಬಿಗಿದಿದ್ದರೆ, ಮೆಮೊರಿಯ ಒಂದು ಚಾನೆಲ್ಲೇ ಕಾಣೆಯಾಗುತ್ತದೆ. ಹೊಸ ರ‍್ಯಾಮ್ ತಂದು ಹಾಕಿದರೂ ಅಲ್ಲಿ ಏನೂ ಆಗದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲ್ಯಾಬಿನಲ್ಲಿ ನಾಲ್ಕು ಸ್ಟಿಕ್‌ಗಳನ್ನು ಸತ್ತವೆಂದು ಬರೆದು ಬದಿಗಿಟ್ಟಿದ್ದೆ. ಮರುವರ್ಷ ಬೇರೆ ಯಂತ್ರದಲ್ಲಿ ಹಾಕಿದರೆ ಮೂರು ಚೆನ್ನಾಗಿ ನಡೆದವು. ಅಷ್ಟರಲ್ಲಿ ಹೊಸದಕ್ಕೆ ಬಿಲ್ಲಾಗಿತ್ತು. ಆ ಸಂಗತಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಹಾಳೆ-ಪೆನ್ನಿನ ಅಭ್ಯಾಸ ಶುರುವಾದದ್ದು ಅಂದಿನಿಂದ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಒತ್ತಿದ ಮೇಲೆ ಯಂತ್ರ ಏಳಲಿಲ್ಲ ಎನ್ನುವವರೂ ಬಹಳ. ಪೆಟ್ಟಿಗೆಯ ಮೇಲೆ ಬರೆದಿರುವ ದೊಡ್ಡ ವೇಗ ಆ ಆಯ್ಕೆ ಒತ್ತಿದಾಗ ಸಿಗುವಂಥದ್ದು, ಪ್ರೊಸೆಸರೂ ಬೋರ್ಡೂ ಅದನ್ನು ತಾಳಿಕೊಳ್ಳಬೇಕು. ಬೇರೆ ಬೇರೆ ಕಾಲದಲ್ಲಿ ಕೊಂಡ ಸ್ಟಿಕ್‌ಗಳನ್ನು ಬೆರೆಸಿದಾಗ, ನಾಲ್ಕೂ ಸ್ಲಾಟು ತುಂಬಿದಾಗ ಇದು ಕೈಕೊಡುತ್ತದೆ. ಮದ್ದು ಸುಲಭ: ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ಲನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಬಯಾಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ. ಆಮೇಲೆ ಮತ್ತೆ ಟ್ರೇನಿಂಗ್‌ಗೆ ಕಾಯಬೇಕು ಎಂಬುದು ನೆನಪಿರಲಿ.

ಹಳೆಯ ಯಂತ್ರಗಳ ಮಾತು ಬೇರೆ, ನಮ್ಮ ಮಲೆನಾಡಿನಲ್ಲಂತೂ ಪೂರ್ತಿ ಬೇರೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಡಿಡಿಆರ್3 ಕಾಲದ ಯಂತ್ರವೊಂದಿದೆ. ಬೇಸಿಗೆಯಿಡೀ ಸುಖವಾಗಿ ನಡೆದು, ಪುನರ್ವಸು ಮಳೆ ಹಿಡಿದೊಡನೆ ಬೆಳಿಗ್ಗೆ ಬೀಪ್ ಬೀಪ್ ಎಂದು ಕೂಗಿ ನಿಲ್ಲುತ್ತಿತ್ತು. ಹಪ್ಪಳ ಮೆತ್ತಗಾಗುವ, ಉಪ್ಪಿನ ಭರಣಿ ನೀರೊಡೆಯುವ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವ ಹವೆಯದು. ಸ್ಟಿಕ್ ತೆಗೆದು ತೋರಿಸಿದೆ, ಚಿನ್ನದ ಪಟ್ಟಿಗಳ ಮೇಲೆ ಮಂಜು ಕವಿದಂತೆ ಮಾಸಲು.

“ಚಿನ್ನ ತುಕ್ಕು ಹಿಡಿಯೋದು ಎಲ್ಲಾದ್ರೂ ಕೇಳಿದೀರಾ ಮೇಷ್ಟ್ರೇ?” ಎಂದರು ಅವರು. ಜೀವಮಾನವಿಡೀ ಕಬ್ಬಿಣದ ಜೊತೆ ಕಳೆದವರ ಪ್ರಶ್ನೆ, ಕೇಳಬೇಕಾದದ್ದೇ. ಚಿನ್ನ ತುಕ್ಕು ಹಿಡಿಯುವುದಿಲ್ಲ. ಆದರೆ ಅಲ್ಲಿರುವುದು ಚಿನ್ನದ ಲೇಪ, ಒಂದು ಮೈಕ್ರಾನಿಗೂ ತೆಳು, ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿನಷ್ಟು. ಅದರಡಿ ನಿಕ್ಕಲ್, ಅದರಡಿ ತಾಮ್ರ. ಅಷ್ಟು ತೆಳು ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ತೇವ ಅಲ್ಲಿಂದಿಳಿದು ಕೆಳಗಿನ ಲೋಹವನ್ನು ಕೆಡಿಸುತ್ತದೆ, ಅದರ ಕಿಟ್ಟ ಮೇಲೆ ಬಂದು ಪಟ್ಟಿಯನ್ನು ಮುಚ್ಚುತ್ತದೆ. ಅದರ ಮೇಲೆ ಒಲೆಯ ಜಿಡ್ಡು, ಧೂಳು, ಬೆರಳಿನ ಬೆವರು. ಅವರು ತಲೆದೂಗಿ, “ಹಂಗಾದ್ರೆ ಪಾಲಿಶ್ ಕೆಳಗಿಂದ ಹೋಗಿದೆ ಅನ್ನಿ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿಲ್ಲ.

ರಿಪೇರಿ ಅಂಗಡಿಗಳಲ್ಲಿ ಇದಕ್ಕೆ ಬಿಳಿ ರಬ್ಬರಿನಿಂದ ಉಜ್ಜುವುದು ಹಳೆಯ ಪದ್ಧತಿ. ಕೆಲಸ ಮಾಡುತ್ತದೆ, ಇಲ್ಲವೆನ್ನಲಾರೆ. ಆದರೆ ಪ್ರತಿ ಮಳೆಗಾಲವೂ ಉಜ್ಜಿದರೆ ಆ ತೆಳು ಚಿನ್ನವೇ ಸವೆದುಹೋಗುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದು ಹೊಸ ತೊಂದರೆ ತರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಟ್ಟು ಹಾಕುವುದು ಲೇಸು. ಸ್ಲಾಟಿನ ಧೂಳನ್ನು ಒಣ ಮೃದು ಬ್ರಶ್ಶಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವವಿದೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ನಡೆಸಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಭದ್ರಾವತಿಯ ಯಂತ್ರ ಈಗ ಹಾಗೇ ನಡೆಯುತ್ತಿದೆ.

ಯಂತ್ರ ಎದ್ದಿತೆಂದು ಪರೀಕ್ಷೆ ಮುಗಿಯಲಿಲ್ಲ. ಏಳುತ್ತದೆ, ಆದರೆ ಆಗಾಗ ನೀಲಿ ಪರದೆ ತೋರಿಸುತ್ತದೆ, ಫೈಲುಗಳು ಕೆಡುತ್ತವೆ ಎಂದರೆ ಸ್ಟಿಕ್‌ನ ಎಲ್ಲೋ ಕೆಲವು ಕೊಡಗಳು ನಿಜಕ್ಕೂ ಒಡೆದಿರಬಹುದು. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಯಂತ್ರ ಎಬ್ಬಿಸಿ, ರಾತ್ರಿಯಿಡೀ ಓಡಲು ಬಿಡಿ. ನಮ್ಮೂರಿನ ಕರೆಂಟು ಲೆಕ್ಕಕ್ಕಿಟ್ಟು ಯುಪಿಎಸ್ ಇದ್ದರೆ ಒಳ್ಳೆಯದು. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಅದು ಕೆಟ್ಟದ್ದೇ, ‘ಒಂದು ತಾನೆ’ ಎಂದು ಬಿಡುವ ಹಾಗಿಲ್ಲ. ಎಕ್ಸ್‌ಎಂಪಿ ತೆಗೆದು ಮತ್ತೊಮ್ಮೆ ಓಡಿಸಿ, ಒಂದೊಂದೇ ಸ್ಟಿಕ್ ಇಟ್ಟು ಓಡಿಸಿ. ಆಗಲೂ ತಪ್ಪು ಬಂದರೆ ಆ ಸ್ಟಿಕ್ ಹಿಂದಿರುಗಿಸಬೇಕಾದದ್ದು.

ಹಿಂದಿರುಗಿಸುವಾಗ ವಾರಂಟಿ ಕೇಳಿ. ಹೆಸರಾಂತ ತಯಾರಕರು ರ‍್ಯಾಮಿಗೆ ಹಲವು ವರ್ಷಗಳ ವಾರಂಟಿ ಕೊಡುತ್ತಾರೆ, ಬಿಲ್ಲು ಇಲ್ಲದೆ ಅದಕ್ಕೆ ಬೆಲೆಯಿಲ್ಲ. ಸ್ಟಿಕ್ ಮೇಲಿನ ಚೀಟಿ ಕೀಳಬೇಡಿ. ಈ ಎಚ್ಚರ ಈಗ ಇನ್ನೂ ಅಗತ್ಯ: 2025ರ ಕೊನೆಯಿಂದ, ಕೃತಕ ಬುದ್ಧಿಮತ್ತೆಯ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಜಗತ್ತಿನಲ್ಲೆಲ್ಲ ವಿಪರೀತ ಏರಿದೆ. ಹಿಂದೆ ಅನುಮಾನಕ್ಕೆ ಹೊಸದೊಂದು ಕೊಂಡು ನೋಡಬಹುದಿತ್ತು, ಮಧ್ಯಮ ವರ್ಗದ ಮನೆಗೆ ಈಗ ಅದು ತಿಂಗಳ ದಿನಸಿಯ ಪ್ರಶ್ನೆ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಅಂಗಡಿಗೆ ಹೋಗುವುದಾದರೆ ಹೊಸ ರ‍್ಯಾಮ್ ಕೊಡಿ ಎಂದು ಕೇಳಬೇಡಿ. ನಿಮ್ಮ ಸ್ಟಿಕ್‌ಗಳನ್ನು ಕೊಂಡೊಯ್ದು, ಅದೇ ಬಗೆಯ ಇನ್ನೊಂದು ಬೋರ್ಡಿನಲ್ಲಿ ನಿಮ್ಮ ಕಣ್ಣೆದುರೇ ಹಾಕಿ ತೋರಿಸಿ ಎಂದು ಕೇಳಿ. ಅಲ್ಲಿ ಎದ್ದರೆ ಮನೆಗೆ ಬಂದು ಹಾಳೆ-ಪೆನ್ನು ಹಿಡಿಯಿರಿ. ರಾಗಿಗುಡ್ಡದ ಹುಡುಗನ ಯಂತ್ರಕ್ಕೆ ಈ ಆರಿದ್ರಾಕ್ಕೆ ವರ್ಷ ತುಂಬುತ್ತದೆ. ಅದರಲ್ಲಿ ಇವತ್ತಿಗೂ ಇರುವುದು ಆ ಸಂಜೆ ಹಿಂದಕ್ಕೆ ಕಳಿಸಲು ಹೊರಟಿದ್ದ ಅವೇ ಎರಡು ಸ್ಟಿಕ್‌ಗಳು, ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ.